ಹವ್ಯಾಸ: ಪರಿಚಯದ ಹೆಬ್ಬಾಗಿಲು

ಅಪರಿಚಿತರಿಬ್ಬರು ಸಂಧಿಸಿದಾಗ ಮೊದಲು ಹೊರಡುವ ಪ್ರಶ್ನೆಯಿಂದಲೇ ಒಂದು ಸಮಾಜದ ಮನೋಧರ್ಮವನ್ನು ಅಳೆಯಬಹುದು. ‘ಯಾವೂರು? ಯಾರ ಪೈಕಿ? ಯಾವ ಮಂದಿ?’ ಎಂಬವು ಕನ್ನಡ ನಾಡಿನ ಹಳ್ಳಿಗಳಲ್ಲಿ ರೂಢಿಯಾಗಿ ಬಂದ ಪ್ರಶ್ನೆಗಳು. ಮೊದಲನೆಯದು ಆದರದಿಂದ ಹುಟ್ಟಿದುದು. ಕೊನೆಯದಾದರೋ ಬಂದವನನ್ನು ಕುಲದ ಚೌಕಟ್ಟಿನೊಳಗೆ ಕೂಡಿಹಾಕುವಂಥದು. ಹನ್ನೆರಡನೆಯ ಶತಮಾನದ ಶರಣರು ಈ ಕ್ರಮವನ್ನೇ ಮಾರ್ಪಡಿಸಿದರು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಎಂಬ ಹೆಸರುಗಳಲ್ಲಿ ಲೋಕವು ಕೀಳೆಂದೆಣಿಸಿದ್ದ ವೃತ್ತಿಯೇ ಗೌರವದ ಬಿರುದಾಯಿತು.

ಆಧುನಿಕ ಜೀವನವು ಇನ್ನೊಂದು ಪ್ರಶ್ನೆಯನ್ನು ತಂದಿದೆ: ‘ತಮ್ಮ ಹವ್ಯಾಸವೇನು?’ ಹವ್ಯಾಸವೆಂಬ ಶಬ್ದಕ್ಕೆ ಕನ್ನಡದಲ್ಲಿ ರೂಢಿ, ಚಾಳಿ ಎಂಬ ಅರ್ಥವೂ ಉಂಟು. ‘ಕೆಟ್ಟ ಹವ್ಯಾಸ’ ಎಂಬ ಪ್ರಯೋಗವನ್ನು ನೆನೆಯಬಹುದು. ಮರಾಠಿಯಲ್ಲಿ ಅದು ಉತ್ಕಟವಾದ ಹಂಬಲವನ್ನು ಸೂಚಿಸುತ್ತದೆ. ‘ಹವ್ಯಾಸಿ ರಂಗಭೂಮಿ’ ಎನ್ನುವಲ್ಲಿ ಹೊಟ್ಟೆಪಾಡಿಗಲ್ಲದೆ ಒಲವಿಗಾಗಿ ಮಾಡುವ ಕಾರ್ಯವೆಂಬ ಅರ್ಥ ನೆಲೆಗೊಂಡಿದೆ. ರೂಢಿ, ಹಂಬಲ, ಒಲವು ಈ ಮೂರೂ ಕೂಡಿದಲ್ಲಿ ನಿಜವಾದ ಹವ್ಯಾಸವಿರುತ್ತದೆ.

ಡಾ. ಫ. ಗು. ಹಳಕಟ್ಟಿಯವರು (1880–1964) ವಿಜಯಪುರದಲ್ಲಿ ವಕೀಲರಾಗಿದ್ದರು. ಅವರನ್ನು ಉದ್ಯೋಗದ ವಿಷಯವಾಗಿ ಮಾತ್ರ ಕೇಳಿದವನಿಗೆ ನ್ಯಾಯಾಲಯದ ಸುದ್ದಿಯಷ್ಟೇ ದೊರೆಯುತ್ತಿದ್ದಿತು. ಒಲವನ್ನು ಕೇಳಿದವನಿಗೆ ಓಲೆಗರಿಗಳ ಕಟ್ಟುಗಳು ಬಿಚ್ಚಿಕೊಳ್ಳುತ್ತಿದ್ದುವು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವೂ 1926ರಲ್ಲಿ ‘ಶಿವಾನುಭವ’ ಪತ್ರಿಕೆಯೂ ಹೊರಬಂದುದು ಆ ಒಲವಿನಿಂದಲೇ. ಕ್ರೈಸ್ತ ಧರ್ಮೋಪದೇಶಕರಾಗಿದ್ದ ಉತ್ತಂಗಿ ಚನ್ನಪ್ಪನವರು (1881–1962) ಊರೂರು ತಿರುಗಿ ಸರ್ವಜ್ಞನ ತ್ರಿಪದಿಗಳನ್ನು ಸಂಗ್ರಹಿಸಿದರು. ಮತವನ್ನಷ್ಟೇ ಕೇಳಿ ಸುಮ್ಮನಾದವನು ಇಂಥವರನ್ನು ಅರಿತಂತಾಗಲಿಲ್ಲ.

ತರಗತಿಯಲ್ಲಿ ಈ ಪ್ರಶ್ನೆಯನ್ನೊಡ್ಡಿದರೆ ಕೆಲವರು ‘ಓದುವುದು, ಸಂಗೀತ ಕೇಳುವುದು’ ಎಂದು ಬಾಯಿಪಾಠವನ್ನೊಪ್ಪಿಸುತ್ತಾರೆ. ಬಡ ಒಕ್ಕಲುಮನೆತನದ ಬಾಲಕನೋ, ‘ನನಗೇನೂ ಇಲ್ಲರೀ, ಗುರುಗಳೇ’ ಎಂದು ತಲೆತಗ್ಗಿಸುತ್ತಾನೆ. ಹವ್ಯಾಸವೆಂದರೆ ಹಣ ಕೊಟ್ಟು ಕೊಳ್ಳತಕ್ಕ ಸಾಮಗ್ರಿಯೆಂದು ಆತನ ಭಾವನೆ. ಅಜ್ಜನಿಂದ ಕಲಿತ ಹಂತಿಯ ಪದಗಳನ್ನು ಆತ ಎತ್ತು ಮೇಯಿಸುತ್ತ ಗುನುಗುತ್ತಿರಬಹುದು. ದನಿಯಿಂದಲೇ ಹಕ್ಕಿಯನ್ನು ಗುರುತಿಸಬಲ್ಲವನಾಗಿರಬಹುದು. ‘ಕೆಲಸ ತೀರಿದ ಮೇಲೆ ನಿನ್ನ ಮನಸ್ಸು ಎತ್ತ ಹೋಗುತ್ತದಪ್ಪಾ?’ ಎಂದು ಉಪಾಧ್ಯಾಯರು ಮೆಲ್ಲನೆ ಕೇಳಿದಲ್ಲಿ ಆ ತಗ್ಗಿದ ತಲೆ ಮೇಲೇಳುತ್ತದೆ. ಕೇಳುವ ರೀತಿಯನ್ನರಿಯದೆ ಕೇಳಿದ ಪ್ರಶ್ನೆ ಮಾತ್ರ ಬಡತನವನ್ನು ಎತ್ತಿ ತೋರಿಸಿದಂತಾಗುತ್ತದೆ.

ಹಿರಿಯರಿಗೂ ಈ ಮಾತು ಅನ್ವಯಿಸುತ್ತದೆ. ಹಳೆಯ ವಿದ್ಯಾರ್ಥಿಗಳು ಸೇರಿದಲ್ಲಿ ‘ಈಗ ಯಾವ ಹುದ್ದೆ? ಎಷ್ಟು ಸಂಬಳ?’ ಎಂಬ ವಿಚಾರಣೆ ನಡೆದರೆ, ಸಣ್ಣ ಕೆಲಸದಲ್ಲಿರುವವನು ಕಂಬದ ಮರೆಗೆ ಸರಿಯುತ್ತಾನೆ. ನಿವೃತ್ತನು ಹೇಳಲು ಏನೂ ಉಳಿಯಲಿಲ್ಲವೆಂದುಕೊಳ್ಳುತ್ತಾನೆ. ಒಲವನ್ನು ಕುರಿತ ಪ್ರಶ್ನೆಗಾದರೆ ಅಧಿಕಾರಿಯೂ ಜವಾನನೂ ಸಮಾನವಾಗಿ ಉತ್ತರಿಸಬಲ್ಲರು.

ಕೇಳಿದೊಡನೆ ಕರ್ತವ್ಯ ಮುಗಿಯಿತೆಂದಲ್ಲ. ಮೊದಲ ಪ್ರಶ್ನೆ ಶಿಷ್ಟಾಚಾರ. ಉತ್ತರವನ್ನಾಲಿಸಿ ಕೇಳುವ ಎರಡನೆಯ ಪ್ರಶ್ನೆಯೇ ಸ್ನೇಹ. ಆ ಎರಡನೆಯ ಪ್ರಶ್ನೆಯನ್ನು ಕೇಳುವ ತಾಳ್ಮೆಯನ್ನು ಮಕ್ಕಳಿಗೆ ಕಲಿಸುವುದೂ ವಿದ್ಯಾದಾನದ ಒಂದು ಅಂಗವೇ ಸರಿ.