ಋಣ ಆವರ್ತನ: ಎಂಜಿನಿಯರಿಂಗ್ ಓದುವ ತಮ್ಮನ ಮಗಳಿಗೊಂದು ಪತ್ರ

ಋಣ ಆವರ್ತನ, ಅಂದರೆ ತರಗತಿಯಲ್ಲಿ ಹೇಳುವ ನೆಗೆಟಿವ್ ಫ್ರೀಕ್ವೆನ್ಸಿ, ತಿರುಗುವ ದಿಕ್ಕಿನ ಹೆಸರು. ಆವರ್ತನವನ್ನು ಬರೀ ಎಣಿಕೆಯಾಗಿ ಕಲಿತವರಿಗೆ ಇದು ಅಸಂಬದ್ಧವೆನಿಸುತ್ತದೆ. ಸೆಕೆಂಡಿಗೆ ಮೈನಸ್ ಐವತ್ತು ಸಲ ಲೋಕದಲ್ಲಿ ಯಾವುದೂ ನಡೆಯುವುದಿಲ್ಲ. ಎಣಿಕೆಯ ಜೊತೆಗೆ ದಿಕ್ಕನ್ನೂ ಬರೆದಿಟ್ಟರೆ ತೊಡಕು ಬಿಡುತ್ತದೆ. ಅಪ್ರದಕ್ಷಿಣವಾಗಿ ಸೆಕೆಂಡಿಗೆ 50 ಸುತ್ತು ಬಂದರೆ +50 ಹರ್ಟ್ಸ್, ಪ್ರದಕ್ಷಿಣವಾಗಿ ಬಂದರೆ -50. (ದೇವಸ್ಥಾನದ ಲೆಕ್ಕ ಇದಕ್ಕೆ ಉಲ್ಟಾ, ಗಣಿತದವರು ಕೇಳಲಿಲ್ಲ.) ಇಲ್ಲದ್ದನ್ನು ಏಕೆ ಓದಬೇಕು ಎಂಬ ನೆಪ ಒಡ್ಡಿ ಸಿಗ್ನಲ್ ಪ್ರೊಸೆಸಿಂಗ್ ಪತ್ರಿಕೆಯನ್ನೇ ಬಿಡಲು ಹೊರಟವಳಿಗೆ ಮೊದಲು ಹೇಳಬೇಕಾದದ್ದು ಇಷ್ಟು.

ಲಿಯೊನಾರ್ಡ್ ಆಯ್ಲರ್ 1748ರಲ್ಲಿ ಪ್ರಕಟಿಸಿದ ಗ್ರಂಥದ ಸೂತ್ರದಂತೆ, ಒಂದು ಕೊಸೈನ್ ಅಲೆ ಎಂದರೆ ತಿರುಗುವ ಎರಡು ಕಡ್ಡಿಗಳ ಮೊತ್ತ. ಎರಡರದ್ದೂ ಅರ್ಧರ್ಧ ಉದ್ದ, ಒಂದೇ ವೇಗ. ದಿಕ್ಕು ಮಾತ್ರ ಎದುರುಬದುರು. ಮೇಲೆ ಕೆಳಗಿನ ಸೆಳೆತಗಳು ಪರಸ್ಪರ ವಜಾ ಆಗಿ ಅಡ್ಡಡ್ಡ ತೂಗಾಟವಷ್ಟೇ ಉಳಿಯುತ್ತದೆ. ತಂತಿಯಲ್ಲಿ ಅಳೆಯುವ ವೋಲ್ಟೇಜು ಇಂಥದೇ ತೂಗಾಟ. ಅದರಲ್ಲಿ ಧನವೂ ಋಣವೂ ಸರಿಸಮವಾಗಿ ಇರುತ್ತವೆ, ಒಂದರ ಪ್ರತಿಬಿಂಬ ಇನ್ನೊಂದು.

ಇದರ ಸಾಕ್ಷಿ ಮನೆಮನೆಯ ಸೂರಿನಲ್ಲಿ ನೇತಾಡುತ್ತಿದೆ. ಕೆಪಾಸಿಟರ್ ಕೆಟ್ಟ ಸೀಲಿಂಗ್ ಫ್ಯಾನು ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ರೆಕ್ಕೆಯನ್ನು ಕೋಲಿನಿಂದ ಯಾವ ಕಡೆಗೆ ನೂಕಿದರೆ ಆ ಕಡೆಗೆ ಮೆಲ್ಲಗೆ ಓಡತೊಡಗುತ್ತದೆ. ಒಂದೇ ಸುರುಳಿಯ ಕಾಂತಕ್ಷೇತ್ರದಲ್ಲಿ +50 ಮತ್ತು -50 ಸಮಬಲದಲ್ಲಿ ಜಗ್ಗಾಡುವುದರಿಂದ ಮೋಟರು ಎತ್ತಲೂ ಹೊರಡಲಾರದು. ಎರಡನೆಯ ಸುರುಳಿಯ ಕರೆಂಟನ್ನು ಕೆಪಾಸಿಟರು ಮುಂದಕ್ಕೆ ಸರಿಸಿದಾಗ ಒಂದು ದಿಕ್ಕು ಗಟ್ಟಿಯಾಗುತ್ತದೆ, ಇನ್ನೊಂದು ಸೊರಗುತ್ತದೆ. ಕಾಲ್ಪನಿಕ ಎಂದು ಹಳಿಸಿಕೊಳ್ಳುವ ವಸ್ತು ಹೀಗೆ ಫ್ಯಾನನ್ನು ತಡೆದು ನಿಲ್ಲಿಸಬಲ್ಲದು.

ಈ ಪತ್ರ ಬರೆಯುತ್ತಿರುವವನಿಗೆ ದಿಕ್ಕಿನ ವಿಷಯ ಹನ್ನೆರಡನೆಯ ವಯಸ್ಸಿಗೇ ಗೊತ್ತಿತ್ತು. ಗೊತ್ತಿದೆ ಎಂಬುದು ಗೊತ್ತಾಗಲು ಇನ್ನೂ ಹನ್ನೊಂದು ವರ್ಷ ಹಿಡಿಯಿತು. ತೋಟದ ಬಾವಿಗೆ ಮೂರು ಫೇಸಿನ ಪಂಪಿತ್ತು. ಲೈನ್‌ಮನ್ ಬಂದು ಕಂಬದ ತಂತಿ ಸರಿಪಡಿಸಿ ಹೋದ ಮೇಲೆ ಮೋಟರು ಓಡುತ್ತಿತ್ತು, ನೀರು ಮಾತ್ರ ಸಣ್ಣಗೆ ಬರುತ್ತಿತ್ತು. ಅಪ್ಪ ಒಂದು ಗಳಿಗೆ ಸದ್ದು ಕೇಳಿ, ‘ಉಲ್ಟಾ ತಿರುಗ್ತಾ ಐತೆ’ ಎಂದು ಫ್ಯೂಸ್ ಕಿತ್ತು, ಸ್ಟಾರ್ಟರಿನಲ್ಲಿ ಎರಡು ತಂತಿ ಅದಲುಬದಲು ಮಾಡಿದರು. ನೀರು ಧುಮ್ಮಿಕ್ಕಿತು. ಏರುಪೇರಾದ ಮೂರು ಫೇಸಿನ ಕರೆಂಟನ್ನು ಮುಮ್ಮುಖ, ಹಿಮ್ಮುಖ, ಶೂನ್ಯ ಎಂದು ಮೂರಾಗಿ ಒಡೆಯಬಹುದೆಂದು ಚಾರ್ಲ್ಸ್ ಫೋರ್ಟೆಸ್ಕ್ಯೂ 1918ರಲ್ಲೇ ತೋರಿಸಿದ್ದ. ಅಪ್ಪನಿಗೆ ಅವನ ಹೆಸರು ಬೇಕಾಗಿರಲಿಲ್ಲ.

ಡಿಪ್ಲೊಮಾ ಮುಗಿಸಿದ ಮಗ ವೈರ್‌ಲೆಸ್ ಸೆಟ್ ತಯಾರಿಸುವ ಒಂದು ಕಾರ್ಖಾನೆಯ ಟೆಸ್ಟಿಂಗ್ ಬೆಂಚಿಗೆ ಸೇರಿದ. ಋಣ ಆವರ್ತನವನ್ನು ಅವನೂ ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆತಿದ್ದ. ಅಲ್ಲಿನ ಸೆಟ್ಟುಗಳು ಏಕ ಸೈಡ್‌ಬ್ಯಾಂಡಿನವು. ಸೈಡ್‌ಬ್ಯಾಂಡ್ ಎಂದರೇನೆಂದು ತಿಳಿಯಲು ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸನ್ನೇ ತೆಗೆದುಕೊಳ್ಳಬಹುದು. 1 ಕಿಲೋಹರ್ಟ್ಸಿನ ಒಂದು ಸ್ವರವನ್ನು ಆ ವಾಹಕದ ಮೇಲೆ ಹೇರಿದರೆ 613ರಲ್ಲೂ 611ರಲ್ಲೂ ತುಣುಕುಗಳು ಏಳುತ್ತವೆ. 613 ಆದದ್ದು +1. 611 ಆದದ್ದು -1. ವಾಹಕವು ಇಡೀ ವರ್ಣಪಟಲವನ್ನು ಅನಾಮತ್ತಾಗಿ ಮೇಲಕ್ಕೆತ್ತುವುದರಿಂದ, ಸೊನ್ನೆಯ ಆಚೆ ಅವಿತಿದ್ದ ಋಣಭಾಗವೂ ಬಯಲಿಗೆ ಬಂದು ಜಾಗ ಆಕ್ರಮಿಸುತ್ತದೆ. ಎರಡರಲ್ಲೂ ಒಂದೇ ಸುದ್ದಿ ಇರುವಾಗ ಒಂದೇ ಸಾಕಲ್ಲವೇ ಎಂದು ಅಮೆರಿಕದ ಜಾನ್ ಕಾರ್ಸನ್ 1915ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. 1927ರಲ್ಲಿ ಅಟ್ಲಾಂಟಿಕ್ ಸಾಗರದ ಆಚೀಚೆ ಶುರುವಾದ ರೇಡಿಯೊ ದೂರವಾಣಿ ನಡೆದದ್ದು ಏಕ ಸೈಡ್‌ಬ್ಯಾಂಡಿನಲ್ಲೇ.

ಬೇಡದ ಪಾಲನ್ನು ಅಳಿಸುವ ಒಂದು ವಿಧಾನದಲ್ಲಿ ಧ್ವನಿಯನ್ನು ಎರಡಾಗಿ ಕವಲೊಡೆಸಿ, ಒಂದು ಕವಲನ್ನು ಇನ್ನೊಂದಕ್ಕಿಂತ ಕಾಲು ಸುತ್ತು ಹಿಂದಿಡುತ್ತಾರೆ. ವಾಹಕಕ್ಕೂ ಹಾಗೇ ಮಾಡಿ, ಗುಣಿಸಿ, ಕೂಡಿಸುತ್ತಾರೆ. ಹೊಸ ಹುಡುಗ ಆ ಎರಡು ಕವಲಿನ ತಂತಿಗಳನ್ನು ತಿರುವುಮುರುವು ಬೆಸುಗೆ ಹಾಕಿದ್ದ. ಪಕ್ಕದ ಸೆಟ್ಟಿನಲ್ಲಿ ತಗ್ಗು ಸ್ವರ ಎತ್ತರವಾಗಿ, ಎತ್ತರದ್ದು ತಗ್ಗಾಗಿ, ಮಾತು ಯಾವ ಭಾಷೆಯೂ ಅಲ್ಲದ ಗೊಣಗಾಟವಾಯಿತು. ಎಂಟು ದಿನ ಟ್ರಾನ್ಸಿಸ್ಟರು ಬದಲಿಸಿದ, ಕಾಯಿಲು ಬದಲಿಸಿದ, ಬೈಸಿಕೊಂಡ. ಒಂಬತ್ತನೆಯ ದಿನ ಫೋರ್‌ಮನ್ನರು ಬಂದು, ‘ತಿರುಗೋದು ಯಾವ ಕಡೆಗಯ್ಯಾ?’ ಎಂದಷ್ಟೇ ಕೇಳಿ ಕಾಫಿಗೆ ಹೋದರು. ಆಗ ನೆನಪಾದದ್ದು ಪಠ್ಯಪುಸ್ತಕವಲ್ಲ, ಬಾವಿಯ ಪಂಪು. ಎರಡು ತಂತಿ ಅದಲುಬದಲು ಮಾಡಿದ; ಮಾತು ಮಾತಾಯಿತು.

ಗಣಕದಲ್ಲಿ ಋಣಭಾಗ ವೇಷ ಮರೆಸಿಕೊಂಡು ಕೂರುತ್ತದೆ. ಸೆಕೆಂಡಿಗೆ 8000 ಸ್ಯಾಂಪಲ್ ತೆಗೆದು ಸಂಕೇತವನ್ನು ಆವರ್ತನಗಳಾಗಿ ಬಿಡಿಸುವ 1024 ಬಿಂದುಗಳ ಎಫ್‌ಎಫ್‌ಟಿ ಮಾಡಿದರೆ, 1000 ಹರ್ಟ್ಸಿನ ಸ್ವರ 128ನೇ ಮನೆಯಲ್ಲೂ 896ನೇ ಮನೆಯಲ್ಲೂ ಕಾಣುತ್ತದೆ. 896 ಎಂದರೆ 7000 ಹರ್ಟ್ಸ್ ಎಂದು ಓದುವುದು ತಪ್ಪು, ಅದು -1000. ಸಿನಿಮಾದಲ್ಲಿ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದೂ ಇದೇ ಲೆಕ್ಕ. ಕಾಲೇಜಿನ ಪ್ರಾಜೆಕ್ಟಿನಲ್ಲಿ ಬಲಗಡೆಯ ಅರ್ಧವನ್ನು ‘ಕಸ’ ಎಂದು ಕತ್ತರಿಸಿ, ಉಳಿದದ್ದನ್ನು ದುಪ್ಪಟ್ಟೂ ಮಾಡದೆ, ಉತ್ತರ ಅರ್ಧಕ್ಕೆ ಇಳಿದಿದ್ದಕ್ಕೆ ಸಾಫ್ಟ್‌ವೇರನ್ನು ದೂರುವುದಕ್ಕೆ ಸೋಮಾರಿತನ ಎಂದೇ ಹೆಸರು. ಅರ್ಥವಾಗದ್ದಕ್ಕೆಲ್ಲ ‘ಬರೀ ಗಣಿತ’ ಎಂದು ಚೀಟಿ ಅಂಟಿಸುವ ಚಾಳಿ ಎಂಜಿನಿಯರಿಗೆ ಶೋಭೆಯಲ್ಲ.

ಹಾಗೆ ಗದರಿದವನೂ ಆ ವಯಸ್ಸಿನಲ್ಲಿ ಇದಕ್ಕಿಂತ ದಡ್ಡನಾಗಿದ್ದ ಎಂಬುದನ್ನು ಮೇಲಿನ ಕತೆಯೇ ಹೇಳುತ್ತದೆ. ಕತ್ತರಿಸುವುದಕ್ಕೂ ಘನವಾದ ಪರಂಪರೆ ಇದೆ. ಡೆನಿಸ್ ಗೇಬರ್ 1946ರ ಪ್ರಬಂಧದಲ್ಲಿ ಋಣಭಾಗವನ್ನು ಬೇಕೆಂದೇ ಅಳಿಸಿ, ಒಂದೇ ದಿಕ್ಕಿಗೆ ತಿರುಗುವ ಸಂಕೇತವನ್ನು ಕಟ್ಟಿಕೊಂಡ. ತಂತಿಯಿಂದ ಬಂದ ವಾಸ್ತವ ಸಂಕೇತದಲ್ಲಿ ಇದರಿಂದ ಏನೂ ನಷ್ಟವಿಲ್ಲ. ಪ್ರತಿಬಿಂಬ ಹೋದರೂ ಬಿಂಬ ಇದೆ. ಎರಡು ತಂತಿಗಳಲ್ಲಿ, ಕಾಲು ಸುತ್ತಿನ ಅಂತರದಲ್ಲಿ ಬರುವ ಸಂಕೇತಕ್ಕೆ ಈ ರಿಯಾಯಿತಿ ಇಲ್ಲ. ಈಗಿನ ಎಷ್ಟೋ ರೇಡಿಯೊಗಳು ಹಾಗೇ ಕೆಲಸ ಮಾಡುತ್ತವೆ: 101.5 ಮೆಗಾಹರ್ಟ್ಸಿಗೆ ನಿಲ್ಲಿಸಿದರೆ ಬೆಂಗಳೂರಿನ 101.3ರ ಎಫ್‌ಎಂ ರೇನ್‌ಬೋ -0.2ರಲ್ಲಿ ಸಿಗುತ್ತದೆ, +0.2ರಲ್ಲಿ ಬೇರೊಂದು ಸ್ಟೇಷನ್ ಇರಬಹುದು. ಆಸ್ಪತ್ರೆಯ ಕಲರ್ ಡಾಪ್ಲರಿನಲ್ಲಿ ಸಾಮಾನ್ಯವಾಗಿ ಕೆಂಪು ಎಂದರೆ ಪ್ರೋಬಿನತ್ತ ಬರುವ ರಕ್ತ, ಅಂದರೆ ಧನ; ನೀಲಿ ಎಂದರೆ ದೂರ ಹೋಗುವ ರಕ್ತ, ಅಂದರೆ ಋಣ. ಋಣಭಾಗವನ್ನು ಬಿಸಾಡಿದರೆ ಹೃದಯದ ಕವಾಟದಲ್ಲಿ ರಕ್ತ ಹಿಮ್ಮುಖವಾಗಿ ಸೋರುತ್ತಿದೆಯೇ ಎಂದು ಹೇಳುವ ದಾರಿಯೇ ಮುಚ್ಚುತ್ತದೆ.

ಸಿಗ್ನಲ್ ಪ್ರೊಸೆಸಿಂಗ್, ಅದರ ಬದಲಿಗೆ ಆರಿಸಿಕೊಳ್ಳಬಹುದಾದ ಇನ್ನೊಂದು, ಈ ಐಚ್ಛಿಕ ಪತ್ರಿಕೆಗಳೆರಡೂ ಒಳ್ಳೆಯವೇ. ಇನ್ನೊಂದಕ್ಕೆ ನೌಕರಿ ಬೇಗ ಸಿಗುತ್ತದೆಂಬ ಮಾತಿನಲ್ಲೂ ಹುರುಳಿದೆ. ಆದರೆ ಅದನ್ನು ಮುಂದೆ ರಾತ್ರಿ ಕೂತು ಸ್ವಂತವಾಗಿ ಕಲಿತವರು ಬೇಕಾದಷ್ಟಿದ್ದಾರೆ. ಇದನ್ನು ಹಾಗೆ ಕಲಿತವರು ಬೆಂಚಿನ ಬಳಿ ಅಪರೂಪ. ತೀರ್ಮಾನ ಓದುವವಳದ್ದು.

ಪ್ರಾಜೆಕ್ಟಿನ ಮಟ್ಟಿಗೆ ಒಂದು ತಿದ್ದುಪಡಿ. ಅರ್ಧ ಕತ್ತರಿಸಿ ದುಪ್ಪಟ್ಟು ಮಾಡುವಾಗ 0ನೇ ಮನೆಯನ್ನೂ 512ನೇ ಮನೆಯನ್ನೂ ಮುಟ್ಟಬಾರದು. ಸೊನ್ನೆ ತಿರುಗುವುದೇ ಇಲ್ಲ. 512ರದ್ದು ಪ್ರತಿ ಸ್ಯಾಂಪಲ್ಲಿಗೆ ಸರಿಯಾಗಿ ಅರ್ಧ ಸುತ್ತು ತಿರುಗುತ್ತದೆ. ಎಡಕ್ಕೆ ತಿರುಗಿದರೂ ಬಲಕ್ಕೆ ತಿರುಗಿದರೂ ನಿಲ್ಲುವುದು ಅದೇ ಜಾಗದಲ್ಲಿ, ಹಾಗಾಗಿ ಅದಕ್ಕೆ ಜೋಡಿಯಿಲ್ಲ.

ಇಂತಿ ಆಶೀರ್ವಾದಗಳು,
ದೊಡ್ಡಪ್ಪ