ಮಂಜಿನೊಳಗಣ ಮಾರ್ಗ

ಮಂಜು ಮುಸುಕಿದಾಗ ವಿಮಾನಚಾಲಕನಿಗೆ ನೆಲವು ಕಾಣದು. ಆಗ ಉಪಗ್ರಹಗಳ ಸಂಕೇತಗಳನ್ನು ಗ್ರಹಿಸುವ ಜಿ.ಪಿ.ಎಸ್. ಉಪಕರಣವು ಆತನಿಗೆ ದಾರಿ ತೋರಬಲ್ಲುದು. ಅಕ್ಷಾಂಶ, ರೇಖಾಂಶ, ಎತ್ತರಗಳನ್ನೂ ತನ್ನ ಗಡಿಯಾರದ ದೋಷವನ್ನೂ ಗಣಿಸಲು ಅದಕ್ಕೆ 4 ಉಪಗ್ರಹಗಳು ಸಾಕು. ಆದರೆ ಅವುಗಳಲ್ಲೊಂದು ತಪ್ಪು ಸಂಕೇತ ನೀಡಿದರೆ ತಿಳಿಯುವ ಬಗೆಯೆಂತು? 5ನೆಯದಿದ್ದರೆ ಲೆಕ್ಕಗಳನ್ನು ತಾಳೆನೋಡಿ ದೋಷವುಂಟೆಂದು ಅರಿಯಬಹುದು; 6ನೆಯದೂ ಇದ್ದರೆ ದೋಷವಿರುವುದನ್ನೇ ಗುರುತಿಸಿ ಕೈಬಿಡಬಹುದು.

ನಮ್ಮ ದೇಶದ 'ಗಗನ್' ವ್ಯವಸ್ಥೆಯು ಈ ಪರೀಕ್ಷೆಯನ್ನು ಇನ್ನಷ್ಟು ಬಿಗಿಗೊಳಿಸಿದೆ. ನೆಲದ ಮೇಲಿನ ಕೇಂದ್ರಗಳು ಸಂಕೇತಗಳನ್ನು ಅಳೆಯುತ್ತವೆ. ಬೆಂಗಳೂರಿನ ಮುಖ್ಯ ನಿಯಂತ್ರಣ ಕೇಂದ್ರವು ತಿದ್ದುಪಡಿಗಳನ್ನು ಗಣಿಸುತ್ತದೆ. ಭೂಸ್ಥಿರ ಉಪಗ್ರಹಗಳು ಅವನ್ನು ವಿಮಾನಕ್ಕೆ ಮುಟ್ಟಿಸುತ್ತವೆ. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೋ ಸಂಸ್ಥೆಯ ಎ.ಟಿ.ಆರ್. ವಿಮಾನವೊಂದು ಈ ನೆರವಿನಿಂದ ಪರೀಕ್ಷಾರ್ಥವಾಗಿ ಇಳಿಯಿತು.

ಸಂಕೇತವು ನೆಚ್ಚತಕ್ಕುದಲ್ಲವೆಂದು ಉಪಕರಣವು ಎಚ್ಚರಿಸಿದರೆ, ಅಥವಾ ನಿಗದಿತ ಎತ್ತರಕ್ಕೆ ಇಳಿದರೂ ರನ್‌ವೇ ಕಾಣದಿದ್ದರೆ, ಚಾಲಕನು ಮರಳಿ ಮೇಲೇರತಕ್ಕದ್ದು. ಸ್ಥಾನವನ್ನು ಹೇಳುವುದು ಉಪಕರಣದ ಜಾಣ್ಮೆ. ತನ್ನ ಮಾತನ್ನು ನಂಬಬೇಡವೆಂದು ಸಕಾಲದಲ್ಲಿ ನುಡಿಯುವುದೇ ಅದರ ಅರಿವು. ಆ ಎಚ್ಚರಿಕೆಗೆ ತಲೆಬಾಗುವುದು ಚಾಲಕನ ಆಚಾರ. ಈ ಎರಡೂ ಕೂಡಿದಲ್ಲಿ ಪ್ರಯಾಣಿಕರ ಪ್ರಾಣಕ್ಕೆ ರಕ್ಷೆಯುಂಟು. ವಿಜ್ಞಾನವನ್ನು ಬೋಧಿಸುವ ನಾವು ಮಕ್ಕಳಿಗೆ ಉತ್ತರದೊಡನೆ ಅದನ್ನು ಒರೆಹಚ್ಚುವ ಕ್ರಮವನ್ನೂ ಕಲಿಸೋಣ.