ಬಣ್ಣದ ಬಾಗಿಲುಗಳನ್ನು ಶುಚಿಮಾಡುವ ಕ್ರಮ



ನೆಲವನ್ನು ದಿನವೂ ಗುಡಿಸಿ ಸಾರಿಸುವ ನಾವು ಬಾಗಿಲನ್ನು ಮರೆತುಬಿಡುವದುಂಟು. ಮನೆಯವರೆಲ್ಲರ ಕೈ ದಿನಕ್ಕೆ ಹಲವು ಸಾರಿ ತಗಲುವ ವಸ್ತುವಾದರೋ ಅದೇ. ಅಗುಳಿಯ ಸುತ್ತ ಕೈಯ ಜಿಡ್ಡು, ಹಲಗೆಯ ಅಂಚುಗಳಲ್ಲಿ ಧೂಳು, ಅಡಿಗೆಮನೆಯ ಕಡೆ ಹೊಗೆಯ ಮಸಿ, ಮಳೆಗಾಲದಲ್ಲಿ ಬೂಷ್ಟು, ಇವೆಲ್ಲವೂ ಅಲ್ಲಿ ಸೇರುವವು. ಅಂಬೆಗಾಲಿಡುವ ಕೂಸು ಎದ್ದು ನಿಲ್ಲಲು ಹಿಡಿಯುವದೂ ಬಾಗಿಲನ್ನೇ. ಹಿಡಿದ ಕೈಯನ್ನು ಅದು ಕೂಡಲೆ ಬಾಯಿಗಿಡುವದು. ಆದಕಾರಣ ಈ ಕೆಲಸವು ಅಂದಕ್ಕೆ ಮಾತ್ರವಲ್ಲದೆ ಆರೋಗ್ಯಕ್ಕೂ ಸಂಬಂಧಪಟ್ಟದ್ದಾಗಿದೆ.

ಮೊದಲು ಬಣ್ಣದ ಗುಣವನ್ನು ತಿಳಿಯಬೇಕು. ಎಣ್ಣೆಬಣ್ಣವು ಮರದ ಮೇಲೆ ಒಣಗಿ ನಿಂತ ತೆಳುವಾದ ಪೊರೆ. ಅದು ಬಿರಿಯದೆ ಇರುವ ತನಕ ನೀರು ಸುಲಭವಾಗಿ ಮರದೊಳಗೆ ಇಳಿಯದು. ಎಣ್ಣೆಗೆ ತೀಕ್ಷ್ಣವಾದ ಕ್ಷಾರವು ಕೂಡಿದರೆ ಸಾಬೂನಾಗುವದೆಂದು ನೀವು ಕಲಿತಿದ್ದೀರಿ. ಬಟ್ಟೆಸೋಡದಿಂದ ಬಾಗಿಲನ್ನು ತಿಕ್ಕಿದರೆ ಜಿಡ್ಡಿನೊಡನೆ ಬಣ್ಣದ ಎಣ್ಣೆಯೂ ಹಾಗೆಯೇ ಕೆಟ್ಟು, ಹೊಳಪು ಹೋಗುವದು. ಬೂದಿಯಲ್ಲಿಯೂ ಕ್ಷಾರವಿದೆ. ಬೂದಿ, ಮರಳು, ತೆಂಗಿನ ನಾರು ಇವು ಪೊರೆಯನ್ನು ಗೀರುವವು.

ಸಾಬೂನಿನಲ್ಲಿಯೂ ಅಲ್ಪ ಕ್ಷಾರವುಂಟು. ಅರಿಸಿನ ಹಚ್ಚಿದ ಕಾಗದದ ಮೇಲೆ ಸಾಬೂನಿನ ನೀರನ್ನು ಒಂದು ಹನಿ ಬಿಟ್ಟು ನೋಡಿರಿ, ಅದು ಕೆಂಪಾಗುವದು. ಆದುದರಿಂದ ಸಾಬೂನು ಹಚ್ಚಿದ ಮೇಲೆ ಶುದ್ಧ ನೀರಿನಿಂದ ಒರಸಲೇಬೇಕು.

ಕ್ರಮವೇನೆಂದರೆ: ಒಣ ಅರಿವೆಯಿಂದ ಮೇಲಿನಿಂದ ಕೆಳಕ್ಕೆ ಧೂಳನ್ನು ತೆಗೆಯಿರಿ. 4 ಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನದ ಸಾಬೂನಿನ ಹೆರೆತವನ್ನು ಒಂದು ಚಮಚ ಕರಗಿಸಿರಿ. ಬೇರೊಂದು ಪಾತ್ರೆಯಲ್ಲಿ ಬರಿಯ ನೀರಿರಲಿ. ಮೆತ್ತನೆಯ ಅರಿವೆಯನ್ನು ಸಾಬೂನಿನ ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಕೆಳಗಿನಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪ ಭಾಗವಾಗಿ ಒರಸಿರಿ. ಮೇಲಿನಿಂದ ತೊಡಗಿದರೆ ಕೊಳೆನೀರು ಒಣ ಭಾಗದ ಮೇಲೆ ಇಳಿದು ಗೆರೆಗಳು ನಿಲ್ಲುವವು. ಒಂದೊಂದು ಭಾಗವನ್ನೂ ಆಗಿಂದಾಗಲೇ ಬರಿಯ ನೀರಿನ ಅರಿವೆಯಿಂದ ಒರಸಿ, ಒಣ ಅರಿವೆಯಿಂದ ತೇವವನ್ನು ತೆಗೆಯತಕ್ಕದ್ದು. ಬಾಗಿಲಿಗೆ ನೀರನ್ನು ಎರಚಬಾರದು. ನಿಲುವು ಹಲಗೆಗಳ ಕೊಯ್ದ ತುದಿಗಳು ಬುಡದಲ್ಲಿರುವದರಿಂದ ಮರವು ಅಲ್ಲಿ ಬೇಗ ನೀರು ಹೀರಿ ಉಬ್ಬುವದು. ಹಿತ್ತಾಳೆಯ ಅಗುಳಿಯನ್ನು ಹುಣಸೆಹಣ್ಣಿನಿಂದ ಬೆಳಗುವಾಗ ಅದರ ರಸವು ಬಣ್ಣಕ್ಕೆ ತಾಕದಂತೆ ಸುತ್ತಲೂ ಕಾಗದವನ್ನಿಡಿರಿ.

ಇನ್ನು ಮುಖ್ಯವಾದ ಎಚ್ಚರಿಕೆಯೊಂದುಂಟು. ಹಳೆಯ ಬಣ್ಣಗಳಲ್ಲಿ ಸೀಸವು ಬೆರೆತಿರಬಹುದು. ಅದು ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕೆಡಿಸುವ ವಿಷ. ಮನೆಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಕೂಡದೆಂಬ ನಿಯಮವು ನಮ್ಮ ದೇಶದಲ್ಲಿ 2016ರಲ್ಲಿ ಪ್ರಕಟವಾಗಿ 2017ರಲ್ಲಿ ಜಾರಿಗೆ ಬಂತು. ಅದಕ್ಕೂ ಮುಂಚೆ ಬಳಿದ ಬಾಗಿಲುಗಳು ಎಷ್ಟೋ ಮನೆಗಳಲ್ಲಿವೆ. ಅಂಥ ಬಣ್ಣವು ಸುಲಿಯುತ್ತಿದ್ದರೆ ಒಣದಾಗಿ ಕೆರೆಯಬಾರದು, ಉಪ್ಪುಕಾಗದದಿಂದ ಉಜ್ಜಬಾರದು, ಸುಡಲೂ ಬಾರದು. ಕೂಸನ್ನು ದೂರವಿಟ್ಟು, ಉದುರಿದ ಚೂರುಗಳನ್ನು ಒದ್ದೆ ಅರಿವೆಯಿಂದ ಒರಸಿ ತೆಗೆದು, ಕೈಗಳನ್ನು ಸಾಬೂನಿನಿಂದ ತೊಳೆದುಕೊಂಡು, ಹಿರಿಯರಿಗೆ ತಿಳಿಸಿರಿ.

ಮುಂದಿನ ರಜೆಯಲ್ಲಿ ನಿಮ್ಮ ಮನೆಯ ಒಂದು ಬಾಗಿಲನ್ನು ಹೀಗೆ ಶುಚಿಮಾಡಿ, ಒರಸಿದ ಅರಿವೆಯನ್ನು ಬೆಳಕಿನಲ್ಲಿ ನೋಡಿರಿ. ಅದಕ್ಕೆ ಕೊಳೆ ಮಾತ್ರ ಹತ್ತಿದ್ದರೆ ನಿಮ್ಮ ಕೆಲಸವು ಸರಿಯಾಯಿತು. ಬಾಗಿಲಿನ ಬಣ್ಣವೇ ಬಂದಿದ್ದರೆ ಅಲ್ಲಿಗೇ ಕೈ ತಡೆಯಿರಿ.